ಸಾಹೇಬರ ಕಾಲನಿಗೆ ಬೇಕಾದ ಪಗಾರ

ನಮ್ಮ ಇಂಡಿ ಊರಿನಲ್ಲಿ ನನ್ನನ್ನು ಕಂಡವರು ಇತ್ತೀಚೆಗೆ ಆರೋಗ್ಯ ವಿಚಾರಿಸುವುದನ್ನು ಬಿಟ್ಟುಬಿಟ್ಟಿದ್ದಾರೆ. ನೇರ ಪಗಾರಕ್ಕೇ ಬರುತ್ತಾರೆ. ನನ್ನ ಪಗಾರ ಎಷ್ಟೆಂದಲ್ಲ; ಸರಕಾರಿ ಮಾಸ್ತರನ ಪಗಾರ ಊರಿಗೆಲ್ಲ ಬಾಯಿಪಾಠವಿರುತ್ತದೆ. ಅವರ ಪ್ರಶ್ನೆ ಬೇರೆ. "ಸರ, ಸಾಹೇಬ್ರ ಕಾಲನ್ಯಾಗ ಸ್ವಂತ ಮನಿ ಮಾಡಬೇಕಂದ್ರ ತಿಂಗಳಿಗೆ ಎಷ್ಟು ಪಗಾರ ಇರಬೇಕ್ರಿ?" ಎಂದು ಕೇಳುತ್ತಾರೆ. ಕೇಳಿ, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡುತ್ತಾರೆ. ಒದ್ದು ಒದ್ದು ಸ್ಟಾರ್ಟ್ ಮಾಡಬೇಕಾದ ಮೋಟಾರ್ ಸೈಕಲ್ಲು, ಹಿಮ್ಮಡಿಯ ಕಡೆ ಸವೆದ ಚಪ್ಪಲಿ, ಎರಡು ಗುಂಡಿ ಎರಡು ಬಣ್ಣದ ಅಂಗಿ. ಇವಕ್ಕೂ ಆ ಕಾಲನಿಗೂ ತಾಳೆ ಬೀಳುವುದಿಲ್ಲ. ಅವರ ಅನುಮಾನ ನ್ಯಾಯವಾದದ್ದೇ.

ಕಾಲನಿಗೆ ಕಮಾನಿನ ಮೇಲೆ ಬರೆಸಿದ ಭಾರಿ ಹೆಸರೊಂದಿದೆ. ಅದನ್ನು ಪತ್ರದ ಮೇಲೆ ಬರೆಯುವುದು ಬಿಟ್ಟರೆ ಯಾರೂ ಬಳಸುವುದಿಲ್ಲ. ಊರಿನ ಹೊರಗೆ, ಮೊದಲು ನಿಂಬೆ ತೋಟವಿದ್ದ ಜಾಗ ಅದು. ನಿಂಬೆ ಗಿಡ ಕಿತ್ತು ಕಲ್ಲು ನೆಟ್ಟರು, ಡಾಂಬರು ಹಾಕಿದರು, ಒಂದು ಪಾರ್ಕಿಗೆಂದು ಜಾಗ ಬಿಟ್ಟು ಅದಕ್ಕೆ ಕೀಲಿಯನ್ನೂ ಹಾಕಿದರು. ಡಾಕ್ಟರರು, ಗುತ್ತಿಗೆದಾರರು, ನಿಂಬೆ ವ್ಯಾಪಾರಿಗಳು, ತಾಲೂಕಿನ ದೊಡ್ಡ ಸಾಹೇಬರು ಅಲ್ಲಿ ಮನೆ ಕಟ್ಟಿದ್ದರಿಂದ ಅದು ಸಾಹೇಬರ ಕಾಲನಿಯಾಯಿತು. ನನ್ನಂಥ ಮಾಸ್ತರನೂ ಅಲ್ಲಿ ಮನೆ ಕಟ್ಟಿದ ಮೇಲೆ ಹೆಸರು ಬದಲಾಗಬಹುದೇನೋ ಎಂದು ಕಾದೆ. ಆಗಲಿಲ್ಲ.

ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಹೇಳಿಕೊಡುವವನು. ಲೆಕ್ಕಕ್ಕೂ ನನಗೂ ಮೊದಲಿನಿಂದ ಅಷ್ಟಕ್ಕಷ್ಟೇ. ಆದ್ದರಿಂದ ಈ ಪ್ರಶ್ನೆಯನ್ನು ನಮ್ಮ ಶಾಲೆಯ ಗಣಿತದ ಮಾಸ್ತರರಿಗೆ ದಾಟಿಸಿದೆ. ಅವರು ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಹತ್ತು ನಿಮಿಷ ಬರೆದು, ಹೊಡೆದುಹಾಕಿ, ಮತ್ತೆ ಬರೆದು, ಒಂದು ಸಂಖ್ಯೆಗೆ ಎರಡು ಗೆರೆ ಎಳೆದು ಕೊಟ್ಟರು. "ಗಂಡಂದು ಹೆಂಡ್ತೀದು ಕೂಡಿ ಇಷ್ಟಿದ್ರ ಸಾಕ್ರಿ," ಎಂದರು. ಆ ಸಂಖ್ಯೆಗಿಂತ ನಮ್ಮಿಬ್ಬರದು ಕೂಡಿ ಕಡಿಮೆಯಿತ್ತು. ಆದರೆ ಅಷ್ಟೊತ್ತಿಗೆ ನಾವು ಆ ಮನೆಯಲ್ಲಿ ಇರತೊಡಗಿ ನಾಲ್ಕು ತಿಂಗಳಾಗಿತ್ತು. ಉತ್ತರ ತಪ್ಪಿದೆಯೋ ನಾವು ತಪ್ಪಿದ್ದೇವೋ ತಿಳಿಯದೆ ಆ ಹಾಳೆಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡೆ.

ನಮ್ಮ ಕಡೆ ಆದಾಯ ಎಂಬುದು ಕೇಳುವವರ ಮೇಲೆ ನಿಂತಿರುತ್ತದೆ. ತಹಶೀಲ್ದಾರರ ಕಚೇರಿಯವರು ಕೇಳಿದರೆ ಆದಾಯ ನೆಲಕ್ಕೆ ಕುಳಿತುಬಿಡುತ್ತದೆ; ಪ್ರಮಾಣ ಪತ್ರದಲ್ಲಿ ನಮೂದಾದಷ್ಟರಲ್ಲಿ ಒಂದು ಸಂಸಾರ ಹೇಗೆ ಜೀವಂತ ಉಳಿದಿದೆ ಎಂದು ಅಚ್ಚರಿಯಾಗಬೇಕು. ಹೆಣ್ಣು ಕೊಡುವವರು ಕೇಳಿದರೆ ಅದೇ ಆದಾಯ ಎದ್ದು ನಿಂತು ಮೀಸೆ ತಿರುವುತ್ತದೆ. ಬ್ಯಾಂಕಿನವರು ಕೇಳಿದಾಗ ಮಾತ್ರ ನಮಗೆ ದಿಕ್ಕು ತೋಚುವುದಿಲ್ಲ. ನಾನು ಸಾಲ ಕೇಳಲು ಹೋದ ದಿನ ನನ್ನ ಮುಂದಿನ ಕುರ್ಚಿಯಲ್ಲಿ ಒಬ್ಬ ತೋಟದ ಗೌಡರು ಕುಳಿತಿದ್ದರು. ತಿಂಗಳ ಆದಾಯ ಎಷ್ಟು ಎಂದು ಸಾಲದ ಮೇಡಮ್ಮು ಕೇಳಿದರು. "ಹದಿನೆಂಟು ಎಕರೆ," ಎಂದರು ಗೌಡರು. ಮೇಡಮ್ಮು ಮತ್ತೊಮ್ಮೆ ಕೇಳಿದರು. ಗೌಡರು ಸ್ವಲ್ಪ ಯೋಚಿಸಿ, "ಎರಡು ಬೋರು" ಎಂದು ಸೇರಿಸಿದರು. ಬೇರೆ ರೀತಿಯಲ್ಲಿ ಹೇಳಲು ಅವರಿಗೆ ಬರುತ್ತಿರಲಿಲ್ಲ. ನನಗಾದರೋ ಪಗಾರದ ಚೀಟಿ ಇತ್ತು. ವಿಮೆ, ಸೊಸೈಟಿ, ಹಿಂದಿನ ಸಾಲ ಎಲ್ಲ ಕಡಿದು ಕೊನೆಗೆ ಕೈಗೆ ಬರುವ ಮೊತ್ತವನ್ನು ಮೇಡಮ್ಮು ಬೆರಳಿನಿಂದ ತೋರಿಸಿ, "ಇಷ್ಟೇನಾ ಸರ್?" ಎಂದರು. ಹದಿನೆಂಟು ಎಕರೆ ಎಂದುಬಿಡಬೇಕಿತ್ತು ಅನ್ನಿಸಿತು.

ಇತಿಹಾಸದ ಮಾಸ್ತರನಿಗೆ ಇಂಥ ಹೊತ್ತಿನಲ್ಲಿ ವರ್ತಮಾನದಿಂದ ತಪ್ಪಿಸಿಕೊಳ್ಳಲು ಒಂದು ದಾರಿ ಇರುತ್ತದೆ. ನಮ್ಮ ತಾಲೂಕಿನಲ್ಲೇ ಸಾಲೋಟಗಿ ಇದೆ. ಅಲ್ಲಿಯ ಹಳೆಯ ಶಾಸನದ ವಿಷಯವನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಅಲ್ಲೊಂದು ವಿದ್ಯಾಶಾಲೆ ಇತ್ತಂತೆ. ದೂರದಿಂದ ಓದಲು ಬಂದವರಿಗೆ ವಾಸಕ್ಕೆ ಮನೆಗಳು, ಓದಿಸುವ ಗುರುವಿಗೆ ಹೊಲ ಮತ್ತು ಒಂದು ಮನೆ, ಹೀಗೆ ದಾನ ಕೊಟ್ಟದ್ದನ್ನು ಕಲ್ಲಿನಲ್ಲಿ ಕೊರೆದಿದ್ದಾರೆಂದು ಓದಿ ತಿಳಿದವರು ಹೇಳುತ್ತಾರೆ. ಪಗಾರದ ಚೀಟಿ ಇಲ್ಲ, ಜಾಮೀನು ಇಲ್ಲ, ಮೂರು ವರ್ಷದ ತೆರಿಗೆಯ ಕಾಗದ ಇಲ್ಲ. ಸಾವಿರ ವರ್ಷದ ಹಿಂದೆ ಇದೇ ತಾಲೂಕಿನಲ್ಲಿ ಮಾಸ್ತರನಾಗಿದ್ದರೆ ಮನೆಯ ಚಿಂತೆ ಇರುತ್ತಿರಲಿಲ್ಲ ಎಂದು ಪಾಠ ಮಾಡುವಾಗ ನಾನು ನಗಿಸುವುದುಂಟು. ಆಮೇಲೆ ಒಬ್ಬನೇ ಕುಳಿತಾಗ, ಆ ಶಾಲೆಯ ಬಾಗಿಲೊಳಗೆ ನನ್ನಂಥವನನ್ನು ಬಿಡುತ್ತಿದ್ದರೇ ಎಂದು ಕೇಳಿಕೊಳ್ಳುತ್ತೇನೆ. ಅದರ ಬಗ್ಗೆ ಕಲ್ಲಿನಲ್ಲಿ ಏನೂ ಬರೆದಂತಿಲ್ಲ. ಬರೆಯುವ ಅಗತ್ಯವೇ ಬಿದ್ದಿರಲಿಕ್ಕಿಲ್ಲ.

ನನ್ನಂಥವನು ಎಂದರೆ ಯಾರು ಎಂದು ಹೇಳಿಬಿಡುತ್ತೇನೆ. ನಮ್ಮದು ಮೋರಟಗಿಯ ಕಡೆ. ಅಜ್ಜ, ಅವನಪ್ಪ, ಅವನಪ್ಪ ಎಲ್ಲರೂ ಊರ ಹೊರಗಿನ ಕೇರಿಯಲ್ಲಿ ಹುಟ್ಟಿ ಅಲ್ಲೇ ಸತ್ತವರು. ಅಪ್ಪನ ಕಾಲಕ್ಕೆ ನಾವು ಬೌದ್ಧರಾದೆವು. ಅಡ್ಡಹೆಸರು ಹೊಸಮನಿ. ಈ ಹೆಸರಿನ ಅನುಕೂಲವೆಂದರೆ ಅದು ಎಲ್ಲ ಜಾತಿಯಲ್ಲೂ ಸಿಗುತ್ತದೆ. ಹೆಸರು ಕೇಳಿದವರು ತಮಗೆ ಬೇಕಾದದ್ದನ್ನು ಊಹಿಸಿಕೊಳ್ಳಬಹುದು. ಹದಿನೆಂಟು ವರ್ಷ ಬೇರೆಯವರ ಮನೆಯಲ್ಲಿ ಇದ್ದವನಿಗೆ ಊಹೆ ದೊಡ್ಡ ಆಸರೆ.

ಬಾಡಿಗೆ ಮನೆ ಕೇಳಲು ಹೋದಾಗ ನಾನು ನೌಕರಿ ಮಾಡಿದ ನಾಲ್ಕೂ ತಾಲೂಕುಗಳಲ್ಲಿ ಪರೀಕ್ಷೆಯ ಪತ್ರಿಕೆ ಒಂದೇ. ಯಾವೂರು, ಏನು ನೌಕರಿ, ಮನೆಯಲ್ಲಿ ಎಷ್ಟು ಮಂದಿ, ಇವು ಒಂದು ಅಂಕದ ಪ್ರಶ್ನೆಗಳು. ಅವನ್ನು ಮುಗಿಸಿ ಮಾಲಕರು ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಳ್ಳುತ್ತಾರೆ, ಆಮೇಲೆ ಬಹಳ ಮೆತ್ತಗೆ ಕೇಳುತ್ತಾರೆ: "ಅಂದಂಗ, ನೀವು ಯಾರ ಪೈಕಿರಿ?" ಉಳಿದ ಅಂಕವೆಲ್ಲ ಇದಕ್ಕೇ. ಜಾತಿ ಎಂಬ ಮಾತನ್ನು ಅವರು ಬಾಯಿಗೆ ತರುವುದಿಲ್ಲ. ಬಹಳ ಸಭ್ಯರು.

ಸಿಂದಗಿಯಲ್ಲಿ ಹೊಸದಾಗಿ ನೌಕರಿಗೆ ಸೇರಿದಾಗ ಒಬ್ಬ ಮುದುಕಿ ಕೇಳಿದಳು. "ಮಾಸ್ತರ ಪೈಕಿ, ಆಯಿ," ಎಂದೆ. ಆಕೆ ನಕ್ಕು ಎರಡು ಖೋಲಿ ಕೊಟ್ಟಳು. ಮೂರು ತಿಂಗಳಿಗೆ ಎಲ್ಲಿಂದಲೋ ವಿಷಯ ಗೊತ್ತಾಯಿತು. ಬಿಡು ಎನ್ನಲಿಲ್ಲ, ಬೈಯಲಿಲ್ಲ. "ಮಗಳ ಲಗ್ನ ತಗದೇವಿ, ಮನಿ ಬೇಕಾಗೈತಿ, ತಮ್ಮಾ," ಎಂದಳು. ಆಕೆಯ ಒಬ್ಬಳೇ ಮಗಳು ತನ್ನ ಎರಡು ಮಕ್ಕಳನ್ನು ಕರೆದುಕೊಂಡು ಆಗಷ್ಟೇ ಪಂಚಮಿಗೆ ತವರಿಗೆ ಬಂದು ಹೋಗಿದ್ದಳು. ನಾನು ಶುಭ ಕೋರಿ ಸಾಮಾನು ಕಟ್ಟಿದೆ. ನನ್ನ ಸ್ವಭಾವವೇ ಹಾಗೆ, ಏನಾದರೂ ಆದರೆ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತು ನೋಡುತ್ತೇನೆ. ಹೆಂಡತಿ ಅದನ್ನು ತಾಳ್ಮೆ ಎಂದು ಒಪ್ಪುವುದಿಲ್ಲ. ಆಲಸ್ಯ ಎನ್ನುತ್ತಾಳೆ.

ಹೆಂಡತಿಯ ಹೆಸರು ಸುಜಾತಾ, ಸರಕಾರಿ ಆಸ್ಪತ್ರೆಯಲ್ಲಿ ನರ್ಸು. ಹೆರಿಗೆ ವಾರ್ಡಿನಲ್ಲಿ ಯಾರೂ ಆಕೆಯನ್ನು ಯಾರ ಪೈಕಿ ಎಂದು ಕೇಳಿದ್ದಿಲ್ಲ. ಕೇಳುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರುವುದಿಲ್ಲವಂತೆ.

ಮುದ್ದೇಬಿಹಾಳದಲ್ಲಿ ನಾವು ಸುಳ್ಳು ಹೇಳಲಿಲ್ಲ. ಮಾಲಕರು ಹೊಸಮನಿ ಎಂಬ ಹೆಸರು ಕೇಳಿ ನಮ್ಮನ್ನು ತಮ್ಮವರೆಂದೇ ತಿಳಿದರು. ನಾವು ತಿದ್ದಲಿಲ್ಲ, ಅಷ್ಟೇ. ಬಹಳ ಒಳ್ಳೆಯ ಜನ. ಹಬ್ಬಕ್ಕೆ ಹೋಳಿಗೆ ಬರುತ್ತಿತ್ತು, ಶ್ರಾವಣ ಮಾಸದಲ್ಲಿ ಪ್ರಸಾದ ಬರುತ್ತಿತ್ತು. ಅವರು ಎಷ್ಟು ಒಳ್ಳೆಯವರಾಗುತ್ತ ಹೋದರೋ ನಮಗೆ ಅಷ್ಟು ಭಯವಾಗುತ್ತ ಹೋಯಿತು. ಗೋಡೆಗೆ ಹಾಕಬೇಕಾದ ಬುದ್ಧನ ಫೋಟೊ ಟ್ರಂಕಿನಲ್ಲಿ ಸೀರೆಗಳ ನಡುವೆ ಇತ್ತು. ಆಗ ಮಗಳು ಪ್ರಜ್ಞಾಳಿಗೆ ಆರು ವರ್ಷ. ಒಂದು ದಿನ ಮಾಲಕರ ಹೆಂಡತಿ ಅವಳನ್ನು ತೊಡೆಯ ಮೇಲೆ ಕೂಡಿಸಿಕೊಂಡು, "ನಿಮ್ಮ ಮನ್ಯಾಗ ಯಾವ ದೇವ್ರು ಅದಾನವ್ವಾ?" ಎಂದು ಸುಮ್ಮನೆ ಕೇಳಿದರು. ಹುಡುಗಿ ಒಮ್ಮೆ ತಾಯಿಯ ಮುಖ ನೋಡಿ, "ಎಲ್ಲಾ ದೇವ್ರೂ ಅದಾವ್ರಿ," ಎಂದಿತು. ನಾವು ಯಾರೂ ಕಲಿಸಿರಲಿಲ್ಲ.

ಆ ದಿನ ಸುಜಾತಾ ರೊಟ್ಟಿ ಬಡಿಯುತ್ತ ಬಡಿಯುತ್ತ ನಿಲ್ಲಿಸಿ ಹೇಳಿದಳು: "ನನಗ ಬಂಗಾರ ಬ್ಯಾಡ, ಸೀರಿ ಬ್ಯಾಡ. ಈ ಹುಡುಗಿ ಸುಳ್ಳ ಹೇಳೂದರಾಗ ಶಾಣ್ಯಾಕಿ ಆಗೂಕಿಂತ ಮುಂಚೆ ನಮ್ಮದss ಒಂದು ಮನಿ ಆಗಬೇಕು ನೋಡ್ರಿ." ನನಗೆ ನಾಚಿಕೆಯಾಯಿತು. ಯಾವಾಗಲೂ ಸರಿದು ನಿಲ್ಲುವ ನಾಲ್ಕು ಹೆಜ್ಜೆಗೆ ಆ ದಿನ ಜಾಗ ಇರಲಿಲ್ಲ, ಹಿಂದೆ ಗೋಡೆಯಿತ್ತು.

ಮುಂದೆ ಬಸವನ ಬಾಗೇವಾಡಿಗೆ ವರ್ಗವಾದಾಗ ಖರೆ ಹೇಳಿಯೇ ಮನೆ ಹುಡುಕೋಣ ಎಂದು ನಿಶ್ಚಯಿಸಿದೆವು. ಆ ಊರಿನ ಹೆಸರಿನ ಮೇಲೆ ನನಗೆ ಭರವಸೆ ಇತ್ತು. ನಾವು ಹೋದ ಮನೆಗಳೆಲ್ಲ ಆಗಷ್ಟೇ ಬೇರೆಯವರಿಗೆ ಕೊಟ್ಟಾಗಿಬಿಟ್ಟಿರುತ್ತಿದ್ದವು. ಬಾಡಿಗೆಗಿದೆ ಎಂಬ ಫಲಕ ಮಾತ್ರ ತೆಗೆಯುವುದನ್ನು ಮರೆತಿರುತ್ತಿದ್ದರು. ಇದಕ್ಕಾಗಿ ಆ ಊರಿನ ಮೇಲೆ ತಪ್ಪು ಹೊರಿಸಲಾರೆ. ಬೇರೆ ಊರುಗಳಲ್ಲಿ ನಾವು ಖರೆ ಹೇಳಿ ನೋಡಿಯೇ ಇರಲಿಲ್ಲವಲ್ಲ. ಕೊನೆಗೆ ಸುಜಾತಾಳ ನೌಕರಿಯ ಮೇಲೆ ಸಿಕ್ಕ ಕ್ವಾರ್ಟರ್ಸಿನಲ್ಲಿ ನಾಲ್ಕು ವರ್ಷ ಕಳೆದೆವು. ಮಳೆಗಾಲದಲ್ಲಿ ಎಲ್ಲ ಖೋಲಿಗಳೂ ಸೋರುತ್ತಿದ್ದವು. ಆದರೆ ಗೋಡೆಯ ಮೇಲೆ ಫೋಟೊ ಇತ್ತು, ಹನಿ ಬೀಳದ ಜಾಗ ನೋಡಿ ಹಾಕಿದ್ದೆವು.

ಇಂಡಿಗೆ ಬಂದ ಮೇಲೆ ಪ್ಲಾಟು ನೋಡಲು ಸುರು ಮಾಡಿದೆವು. ಸಾಹೇಬರ ಕಾಲನಿಯೇ ಏಕೆ ಎಂದು ಕೇಳಬಹುದು. ಅದಕ್ಕೆ ಸುಜಾತಾಳದು ಒಂದು ವಾದ. ಸಣ್ಣ ಓಣಿಯಲ್ಲಿ ಓಣಿಗೊಂದು ಪೈಕಿ ಇರುತ್ತದೆ. ನಾವು ಯಾವ ಓಣಿಗೆ ಹೋದರೂ ಬೇರೆ ಪೈಕಿಯವರಾಗುತ್ತೇವೆ. ನಮ್ಮದೇ ಓಣಿಗೆ ಹೋದರೆ ಅಜ್ಜ ಇದ್ದಲ್ಲಿಯೇ ಇದ್ದಂತೆ ಆಗುತ್ತದೆ. ಸಾಹೇಬರ ಕಾಲನಿಯಲ್ಲಿ ಎಲ್ಲರೂ ಹೊರಗಿನಿಂದ ಬಂದವರು, ಎಲ್ಲರೂ ಸಾಲ ಮಾಡಿದವರು, ಅಲ್ಲಿ ರೊಕ್ಕ ಒಂದೇ ಪೈಕಿ. ವಾದ ಗಟ್ಟಿಯಾಗಿತ್ತು. ಅದರ ಬೆಲೆಯೂ ಗಟ್ಟಿಯಾಗಿತ್ತು.

ಪ್ಲಾಟಿನ ಏಜೆಂಟ ನಮ್ಮನ್ನು ಯಾರ ಪೈಕಿ ಎಂದು ಕೇಳಲಿಲ್ಲ. ಚೆಕ್ಕೋ ನಗದೋ ಎಂದು ಕೇಳಿದ. ನನಗೆ ಎಷ್ಟು ಸಂತೋಷವಾಯಿತೆಂದರೆ ರೇಟು ಇಳಿಸಲು ಕೇಳುವುದನ್ನೇ ಮರೆತೆ. ಅವನೇ ಪಾಪ ಅಂದುಕೊಂಡು ಒಂದು ದಾರಿ ತೋರಿಸಿದ. ದಕ್ಷಿಣಕ್ಕೆ ಮುಖ ಮಾಡಿದ ಪ್ಲಾಟೊಂದು ಎರಡು ವರ್ಷದಿಂದ ಹಾಗೇ ಬಿದ್ದಿತ್ತು. ದಕ್ಷಿಣದ ಬಾಗಿಲು ಯಮನ ಕಡೆ ಎಂದು ಯಾರೂ ಮುಟ್ಟಿರಲಿಲ್ಲ. "ನಿಮಗ ನಡೀತದಂದ್ರ ಕಮ್ಮಿಗಿ ಕೊಡಸ್ತೇನ್ರಿ," ಎಂದ. ನಮಗೆ ನಡೆಯುತ್ತಿತ್ತು. ಯಮನಿಗೂ ನಮಗೂ ವ್ಯವಹಾರ ಮುರಿದು ಒಂದು ತಲೆಮಾರಾಗಿತ್ತು. ನಂಬಿಕೆ ಇಲ್ಲದ್ದಕ್ಕೆ ರಿಯಾಯಿತಿ ಸಿಕ್ಕದ್ದು ನನ್ನ ಜೀವನದಲ್ಲಿ ಅದೇ ಮೊದಲು. ಆದ್ದರಿಂದ ಕಾಲನಿಗೆ ಎಷ್ಟು ಪಗಾರ ಬೇಕೆಂದು ಕೇಳುವವರಿಗೆ ನಾನು ಮೊದಲು ದಿಕ್ಕು ಕೇಳುತ್ತೇನೆ. ಪೂರ್ವಕ್ಕೆ ಬೇಕಾದ ಪಗಾರ ಬೇರೆ, ದಕ್ಷಿಣಕ್ಕೆ ಬೇಕಾದದ್ದು ಬೇರೆ.

ಇಷ್ಟಾದರೂ ಬ್ಯಾಂಕಿನ ಮೇಡಮ್ಮಿನ ಲೆಕ್ಕಕ್ಕೆ ನಾವು ಎಟುಕಲಿಲ್ಲ. ಇಬ್ಬರ ಪಗಾರ ಕೂಡಿಸಿ, ಮಗಳ ಓದಿನ ಖರ್ಚು ಕಳೆದು, ಕಂತು ಕಟ್ಟಿದರೆ ಸಂಸಾರಕ್ಕೆ ಸಾಲುತ್ತಿರಲಿಲ್ಲ. ಆಕೆಯೇ ಉಪಾಯ ಹೇಳಿಕೊಟ್ಟರು. ಮೇಲೊಂದು ಸಣ್ಣ ಮನೆ ಎಬ್ಬಿಸಿ ಬಾಡಿಗೆಗೆ ಕೊಡಬೇಕು. ಕಂತು ಸ್ವಲ್ಪ ಏರುತ್ತದೆ, ಆದರೆ ಆರು ಸಾವಿರ ಬಾಡಿಗೆ ಬಂದರೆ ಎಲ್ಲ ಸರಿಸಮವಾಗುತ್ತದೆ. ಹೀಗೆ ಹದಿನೆಂಟು ವರ್ಷ ಬಾಡಿಗೆ ಮನೆ ಹುಡುಕಿದವರು ಬಾಡಿಗೆಯವರನ್ನು ಹುಡುಕುವವರಾದೆವು. ಸಾಹೇಬರ ಕಾಲನಿಯ ಸಾಹೇಬನಾಗಲು ನನಗೆ ಬೇಕಾದದ್ದು ಇಬ್ಬರ ಪಗಾರ ಮತ್ತು ಮೇಲೊಂದು ಬಾಡಿಗೆಯ ಸಂಸಾರ.

ಮನೆ ಕಟ್ಟುವಾಗ ಗೌಂಡಿ ನಕಾಶೆಯನ್ನು ತಿರುಗಿಸಿ ತಿರುಗಿಸಿ ನೋಡಿದ. "ದೇವ್ರ ಮನಿ ಎಲ್ಲಿ ಬರ್ತೈತ್ರಿ, ಸಿಸ್ಟರ?" ಎಂದು ಸುಜಾತಾಳನ್ನು ಕೇಳಿದ.

"ಇಲ್ಲ. ಆ ಜಾಗಾದಾಗ ಪುಸ್ತಕದ ಕಪಾಟ ಬರ್ತೈತಿ."

"ಮ್ಯಾಲರೆ?"

ಸುಜಾತಾ ನಕಾಶೆಯ ಮೇಲೆ ಒಮ್ಮೆ ಕಣ್ಣಾಡಿಸಿದಳು. "ಮ್ಯಾಲ ಮಾಡ್ರಿ," ಎಂದಳು. ಬಾಡಿಗೆಗೆ ಬರುವವರಿಗೆ ಬೇಕಾಗುತ್ತದಲ್ಲ. ಗೌಂಡಿಗೆ ಸಮಾಧಾನವಾಗಿ ಮೇಲಿನ ಮನೆಯ ಬಾಗಿಲನ್ನು ತಾನೇ ಪೂರ್ವಕ್ಕೆ ತಿರುಗಿಸಿ, ದೇವರ ಮನೆಗೆ ಗ್ರ್ಯಾನೈಟಿನ ಮೂರು ಮೆಟ್ಟಿಲು, ಗಂಟೆ ತೂಗುಹಾಕಲು ಕೊಕ್ಕೆ ಎಲ್ಲ ಮಾಡಿದ. ನಮ್ಮ ಮನೆಯಲ್ಲಿ ದೇವರಿಗೆ ಜಾಗವಿದೆ, ಬಾಡಿಗೆ ಕೊಟ್ಟು ಇರಬೇಕು, ಅಷ್ಟೇ ಎಂದು ನಾನು ತಮಾಷೆ ಮಾಡಿದೆ. ಸುಜಾತಾ ನಗಲಿಲ್ಲ. ಸಿಮೆಂಟಿನ ಚೀಲ ಎಣಿಸುತ್ತಿದ್ದಳು.

ಟ್ರಂಕಿನ ಫೋಟೊ ಈಗ ಒಳಗಿನ ಖೋಲಿಯಲ್ಲಿದೆ. ಪಡಸಾಲೆಗೆ ಮೊಳದುದ್ದದ ಒಂದು ಬುದ್ಧನ ಮೂರ್ತಿ ತಂದೆವು. ಗೃಹಪ್ರವೇಶಕ್ಕೆ ಕಾಲನಿಯವರೆಲ್ಲ ಬಂದಿದ್ದರು. ಯಾರೂ ಏನೂ ಅನ್ನಲಿಲ್ಲ, ಹುಬ್ಬೂ ಏರಿಸಲಿಲ್ಲ. ಎಂಥ ವಿಶಾಲ ಮನಸ್ಸಿನ ಜನ ಎಂದುಕೊಂಡೆ. ಆಮೇಲೆ ಅವರವರ ಮನೆಗೆ ಚಹಾಕ್ಕೆ ಹೋದಾಗ ಗೊತ್ತಾಯಿತು: ಕಾಲನಿಯ ಪ್ರತಿ ಮನೆಯಲ್ಲೂ ಒಬ್ಬ ಬುದ್ಧನಿದ್ದಾನೆ. ಡಾಕ್ಟರರ ಮನೆಯಲ್ಲಿ ಚಪ್ಪಲಿ ಸ್ಟ್ಯಾಂಡಿನ ಮೇಲೆ, ಗುತ್ತಿಗೆದಾರರ ಮನೆಯಲ್ಲಿ ಟಿವಿಯ ಪಕ್ಕಕ್ಕೆ, ನಿಂಬೆ ವ್ಯಾಪಾರಿಯ ಅಂಗಳದಲ್ಲಿ ಹುಲ್ಲಿನ ಮೇಲೆ ಬಣ್ಣದ ದೀಪದ ಕೆಳಗೆ. ಶೋಭೆಗೆ ಇಟ್ಟದ್ದು. ಇಷ್ಟು ವರ್ಷ ನಾವು ಸೀರೆಗಳ ನಡುವೆ ಮುಚ್ಚಿಟ್ಟವನನ್ನು ಇವರು ದುಡ್ಡು ಕೊಟ್ಟು ತಂದು ದೀಪ ಹಚ್ಚಿ ತೋರಿಸುತ್ತಿದ್ದರು. ನಗಬೇಕೆನ್ನಿಸಿತು, ಸ್ವಲ್ಪ ನೋವೂ ಆಯಿತು.

ಬಾಡಿಗೆ ಕೇಳಿಕೊಂಡು ಮೊದಲು ಬಂದವರು ಒಂದು ಭಾನುವಾರ ಬೆಳಿಗ್ಗೆ ಬಂದರು. ಹುಡುಗ ಸರಕಾರಿ ನೌಕರಿಗೆ ಆಗಷ್ಟೇ ಸೇರಿದವನು, ಮದುವೆಯಾಗಿ ಆರು ತಿಂಗಳು. ಜೊತೆಗೆ ಹೆಂಡತಿ ಮತ್ತು ತಾಯಿ. ತಾಳಿಕೋಟೆಯ ಕಡೆಯವರು. ಮನೆ ನೋಡುವ ಅಧಿಕಾರ ತಾಯಿಯದೆಂದು ಮೆಟ್ಟಿಲು ಹತ್ತುವ ಕ್ರಮದಲ್ಲೇ ತಿಳಿಯುತ್ತಿತ್ತು. ಆಕೆ ನಲ್ಲಿ ತಿರುಗಿಸಿ ನೋಡಿದರು, ಒಲೆಯ ಕಟ್ಟೆಯ ಮೇಲೆ ಅಂಗೈ ಇಟ್ಟು ರೊಟ್ಟಿ ಬಡಿಯಲು ಎತ್ತರ ಸರಿಯಿದೆಯೇ ನೋಡಿದರು, ಕಿಟಕಿ ತೆರೆದು ಗಾಳಿ ನೋಡಿದರು. ದೇವರ ಮನೆಯ ಮುಂದೆ ನಿಂತಾಗ ಮುಖ ಅರಳಿತು. "ಮನಿ ಅಂದ್ರ ಹಿಂಗಿರಬೇಕ್ ನೋಡ್ರಿ," ಎಂದರು. ಬಾಡಿಗೆಯ ಬಗ್ಗೆ ಚೌಕಾಸಿಯನ್ನೂ ಮಾಡಲಿಲ್ಲ. ಸುಜಾತಾ ನನ್ನ ಕಡೆ ನೋಡಿದಳು. ಬ್ಯಾಂಕಿನ ಕಂತಿಗೆ ಇನ್ನು ನಾಲ್ಕು ದಿನ ಉಳಿದಿತ್ತು.

ಕೆಳಗೆ ಪಡಸಾಲೆಯಲ್ಲಿ ಕುಳಿತೆವು. ಪ್ರಜ್ಞಾ ಚಹಾ ತಂದಳು. ಅವಳೀಗ ಒಂಬತ್ತನೆಯ ತರಗತಿ. ಹುಡುಗನ ತಾಯಿ ಬುದ್ಧನ ಮೂರ್ತಿ ನೋಡಿ, "ಭಾಳ ಚಂದ ಅದಾನ್ರಿ. ನಮ್ಮ ಬೀಗ್ರ ಮನ್ಯಾಗೂ ಇಂಥಾದ ಐತಿ, ಅವ್ರು ಕಾರಂಜಿ ಕೂಡಸ್ಯಾರ," ಎಂದರು. ನಂತರ ಚೀಲದಿಂದ ಅಡ್ವಾನ್ಸಿನ ಲಕೋಟೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. "ಮಾತು ಮುಗಸೂಕಿಂತ ಮುಂಚೆ ನಿಮ್ಮ ದೇವ್ರಿಗಿ ಕೈ ಮುಗದ ಬರ್ತೇನ್ರಿ. ನಮ್ಮನ್ಯಾಗ ಮೊದಲಿಂದ ಹಂಗ, ಮನಿ ಮಾಲಕ್ರ ದೇವ್ರಿಗಿ ಕೈ ಮುಗದss ರೊಕ್ಕ ಕೊಡೂದು. ದೇವ್ರ ಮನಿ ಎಲ್ಲೈತ್ರಿ?"

ಹದಿನೆಂಟು ವರ್ಷದ ಅನುಭವ ಸುಮ್ಮನೆ ಹೋಗುವುದಿಲ್ಲ. ಕ್ಷಣಾರ್ಧದಲ್ಲಿ ಮೂರು ಉತ್ತರಗಳು ನನ್ನ ನಾಲಿಗೆಯ ಮೇಲೆ ಬಂದು ಸರತಿಯಲ್ಲಿ ನಿಂತವು. ಒಂದು, ಮನೆಯಲ್ಲಿ ಸೂತಕವಿದೆ. ಎರಡು, ದೇವರ ಮನೆಗೆ ಬಣ್ಣ ಹಚ್ಚುತ್ತಿದ್ದೇವೆ. ಮೂರು, ಕೀಲಿ ಅತ್ತೆಯ ಬಳಿ ಇದೆ, ಅತ್ತೆ ಊರಿಗೆ ಹೋಗಿದ್ದಾರೆ. ಮೂರೂ ಚೆನ್ನಾಗಿದ್ದವು. ಮೂರರಲ್ಲಿ ಯಾವುದನ್ನು ಹೇಳಿದ್ದರೂ ಲಕೋಟೆ ಈ ಕಡೆ ಬರುತ್ತಿತ್ತು. ಸುಜಾತಾ ಮಾತನ್ನು ನನಗೇ ಬಿಟ್ಟಿದ್ದಳು. ಪ್ರಜ್ಞಾ ಖಾಲಿ ತಟ್ಟೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಏನು ಹೇಳುತ್ತೇನೆಂದು ನೋಡುತ್ತಿದ್ದಳು.

"ದೇವ್ರ ಮನಿ ಇಲ್ರಿ," ಎಂದೆ. "ನಮಗ ಇವನss," ಎಂದು ಬುದ್ಧನ ಕಡೆ ಕೈ ಮಾಡಿದೆ. "ದೇವ್ರಲ್ಲ, ಗುರು. ನಾವು ಬೌದ್ಧರು."

ಅದು ಧೈರ್ಯವೆಂದು ಯಾರೂ ತಿಳಿಯಬಾರದು. ಮನೆಯ ಉತಾರೆ ನನ್ನ ಮತ್ತು ಸುಜಾತಾಳ ಹೆಸರಿನಲ್ಲಿತ್ತು. ಮಗಳ ಲಗ್ನ ತೆಗೆದಿದ್ದೇವೆ, ಮನೆ ಬೇಕಾಗಿದೆ ಎಂದು ನನಗೆ ಯಾರೂ ಹೇಳುವಂತಿರಲಿಲ್ಲ. ಅಷ್ಟು ಗೊತ್ತಿದ್ದರೆ ಯಾರಿಗಾದರೂ ಬಾಯಿ ಬರುತ್ತದೆ.

ಆಕೆ ಬುದ್ಧನನ್ನು ಇನ್ನೊಮ್ಮೆ ನೋಡಿದರು. ಈ ಸಲ ಚಂದ ಅನ್ನಲಿಲ್ಲ. "ಹಂಗಾ," ಎಂದರು. ತೊಡೆಯ ಮೇಲಿನ ಲಕೋಟೆ ಸರಿಮಾಡಿಕೊಂಡು, ಬಹಳ ಮೆತ್ತಗೆ ಕೇಳಿದರು: "ಅಂದ್ರ ಅದಕ್ಕೂ ಮೊದಲ ಯಾರ ಪೈಕಿರಿ?"

ಸ್ವಂತ ಮನೆಯಾದರೆ ಈ ಪ್ರಶ್ನೆಯಿಂದ ಮುಕ್ತಿ ಎಂದು ನಾನು ನಂಬಿದ್ದೆ. ಅದು ಬಾಡಿಗೆಗೆ ಬರುವವರಿಗೆ ಮಾತ್ರ ಕೇಳುವ ಪ್ರಶ್ನೆ ಎಂದುಕೊಂಡಿದ್ದೆ. ಬಾಡಿಗೆಗೆ ಬರುವವರೂ ಅದನ್ನು ಕೈಯಲ್ಲಿ ಹಿಡಿದುಕೊಂಡು ಬರಬಹುದೆಂದು ಹೊಳೆದಿರಲಿಲ್ಲ. ಹೇಳಿಕೊಳ್ಳಲು ನಾನು ಇತಿಹಾಸದ ಮಾಸ್ತರ ಬೇರೆ.

"ಮೋರಟಗಿ ಕಡೆ ಊರ ಹೊರಗ ಕೇರಿ ಐತಲ್ರಿ, ಅಲ್ಲಿಯವರು," ಎಂದೆ.

ಆಕೆ ಚಹಾ ಅರ್ಧಕ್ಕೆ ಬಿಟ್ಟರು ಎಂದು ಬರೆದರೆ ಓದುವವರಿಗೆ ಒಪ್ಪುತ್ತದೆ. ಆದರೆ ಆಕೆ ಪೂರ್ತಿ ಕುಡಿದರು. ಚಲೋ ಆಗೈತಿ ಎಂದೂ ಹೇಳಿದರು. ಕೆಟ್ಟ ಹೆಂಗಸಲ್ಲ. ಮಗ ಮಾತ್ರ ತನ್ನ ಮೊಬೈಲಿನಲ್ಲಿ ಏನೋ ಹುಡುಕುತ್ತಿದ್ದವನು ಕೊನೆಯವರೆಗೂ ತಲೆ ಎತ್ತಲಿಲ್ಲ. ಲಕೋಟೆ ಚೀಲದೊಳಗೆ ಹೋಯಿತು. "ಮನ್ಯಾಗ ಹಿರೇರನ್ನ ಒಂದು ಮಾತು ಕೇಳಿ ಫೋನ್ ಮಾಡ್ತೇವ್ರಿ," ಎಂದು ಎದ್ದರು. ಗೇಟಿನವರೆಗೆ ಹೋಗಿ ಕಳಿಸಿಬಂದೆ. ಸೊಸೆ ಮಾತ್ರ ಹಿಂದಿರುಗಿ ಮೇಲಿನ ಮನೆಯ ಕಿಟಕಿಯನ್ನು ಒಮ್ಮೆ ನೋಡಿದಳು. ಆ ಹುಡುಗಿಗೆ ಮನೆ ಹಿಡಿಸಿತ್ತೆಂದು ಕಾಣುತ್ತದೆ.

ಒಳಗೆ ಬಂದಾಗ ಪ್ರಜ್ಞಾ ಕಪ್ಪುಗಳನ್ನು ಎತ್ತುತ್ತಿದ್ದಳು. "ಪಪ್ಪಾ, ಸಾಲ್ಯಾಗ ಯಾರರೆ ಕೇಳಿದ್ರ ನಾನೂ ಹಿಂಗss ಹೇಳ್ಲೇನು?" ಎಂದಳು. ಎಂಟು ವರ್ಷದಿಂದ ಆ ಪ್ರಶ್ನೆಯನ್ನು ಇಟ್ಟುಕೊಂಡಿದ್ದಳೋ ಏನೋ. ಹೇಳು ಎಂದೆ. ನನಗೆ ಒಮ್ಮೆಲೆ ಬಹಳ ಸಂತೋಷವಾಯಿತು. ಅದರ ಬೆನ್ನಿಗೇ ಕಂತಿನ ನೆನಪೂ ಆಯಿತು.

ಫೋನು ಬರಲಿಲ್ಲ. ಕಾಲನಿಯಲ್ಲಿ ಮೊಬೈಲಿನ ರೇಂಜು ಚೆನ್ನಾಗಿಯೇ ಇದೆ. ಆಮೇಲೆ ಇನ್ನೂ ಇಬ್ಬರು ಬಂದು ನೋಡಿ ಹೋದರು; ಒಬ್ಬರಿಗೆ ನೀರಿನ ಟಾಕಿ ಸಣ್ಣದೆನಿಸಿತು, ಇನ್ನೊಬ್ಬರಿಗೆ ಕಾರಣ ಹೇಳಲು ಪುರುಸೊತ್ತಾಗಲಿಲ್ಲ. ಮೇಲಿನ ಮನೆ ಖಾಲಿಯಿದೆ. ಗ್ರ್ಯಾನೈಟಿನ ಮೂರು ಮೆಟ್ಟಿಲ ಮೇಲೆ ಪ್ರಜ್ಞಾ ಕುಳಿತು ಓದುತ್ತಾಳೆ, ಅಲ್ಲಿ ತಂಪಾಗಿರುತ್ತದಂತೆ.

ಗಣಿತದ ಮಾಸ್ತರರ ಹಾಳೆಯನ್ನು ಮೊನ್ನೆ ತೆಗೆದು ಕುಳಿತಿದ್ದೆ. ಅವರ ಉತ್ತರ ತಪ್ಪಿರಲಿಲ್ಲ, ಒಂದು ಖರ್ಚು ಬಿಟ್ಟುಹೋಗಿತ್ತು. ಕೇಳಿದವರಿಗೆ ಇದ್ದದ್ದನ್ನು ಇದ್ದಂತೆ ಹೇಳಿ, ಮೇಲಿನ ಮನೆಯನ್ನು ಖಾಲಿ ಇಟ್ಟುಕೊಂಡು, ಕಂತನ್ನೂ ತಪ್ಪಿಸದೆ ಕಟ್ಟುವಷ್ಟು ಪಗಾರ ಬೇಕು. ಅಷ್ಟು ನಮಗಿಲ್ಲ. ತಿಂಗಳಿಗೆ ಆರು ಸಾವಿರ ಕಡಿಮೆ ಬೀಳುತ್ತದೆ. ಸುಜಾತಾ ತಾನು ಕಟ್ಟುತ್ತಿದ್ದ ಒಂದು ಚೀಟಿ ಫಂಡು ನಿಲ್ಲಿಸಿದ್ದಾಳೆ, ನಾನು ಮೋಟಾರ್ ಸೈಕಲ್ಲು ಬಿಟ್ಟು ಶಾಲೆಗೆ ನಡೆದು ಹೋಗುತ್ತಿದ್ದೇನೆ.

ಆರು ಸಾವಿರ ಎಲ್ಲಿಂದ ತರುವುದು ಎಂದು ಕೇಳಿದೆ.

ಸುಜಾತಾ ಡ್ಯೂಟಿಗೆ ಹೋಗಲು ಸೀರೆಗೆ ಪಿನ್ನು ಚುಚ್ಚಿಕೊಳ್ಳುತ್ತಿದ್ದಳು. "ಇಷ್ಟು ದಿನ ಬಾಡಿಗಿ ಕೊಟ್ಟು ಸುಳ್ಳ ಹೇಳಿದ್ವಲ್ರಿ," ಎಂದಳು. "ಅದಕ್ಕ ಹೋಲಿಸಿದ್ರ ಇದು ಅಗ್ಗ."